ಭಾನುವಾರದ ತುಟಿಬಣ್ಣ

ಸತ್ತವರ ಮುಖ ತಿದ್ದಿ, ಮನೆಯವರು ಕೊನೆಯ ಸಲ ಕಣ್ತುಂಬ ನೋಡುವಂತೆ ಮಾಡುವುದು ಅವಳ ಕಸುಬು. ಎಲ್ಲರೂ ಸಿಂಗಾರಕ್ಕ ಎನ್ನುತ್ತಿದ್ದರು. ಕೆಲಸ ಕಲಿಸಿದ ಚಿಕ್ಕಮ್ಮ ಒಂದೇ ಮಾತನ್ನು ತಲೆಗೆ ತುಂಬಿದ್ದಳು: ಸತ್ತವರಿಗೆ ಏನು ಬೇಕಾದರೂ ಹೇಳು, ಆದರೆ ಏನನ್ನೂ ಕೇಳಬೇಡ.

ಆ ಶನಿವಾರ ಒಬ್ಬ ಮುದುಕಿಯನ್ನು ತಂದು ಮಲಗಿಸಿದರು. ತುಟಿಗೆ ಯಾವ ಬಣ್ಣ ಹಚ್ಚಿದರೂ ಮಗಳದು ಒಂದೇ ರಾಗ.

"ಇದು ನಮ್ಮಮ್ಮನ ಬಾಯಲ್ಲ ಅಕ್ಕ. ನಾಳಿದ್ದು ಮಣ್ಣು. ಬೇರೆ ಯಾರನ್ನೋ ಕಳಿಸಿಕೊಟ್ಟ ಹಾಗಾಗತ್ತೆ ನಂಗೆ."

ಹಚ್ಚಿದ್ದೇ ಹಚ್ಚಿದ್ದು, ಒರೆಸಿದ್ದೇ ಒರೆಸಿದ್ದು. ಭಾನುವಾರ ಮಧ್ಯಾಹ್ನ ಸಿಂಗಾರಕ್ಕನ ತಾಳ್ಮೆಯ ಕಟ್ಟೆ ಒಡೆಯಿತು. "ಇನ್ನೇನಮ್ಮ ಬೇಕು ನಿಮಗೆ?" ಎಂದು ಮುದುಕಿಯನ್ನೇ ಕೇಳಿಬಿಟ್ಟಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಬಂತು?

ಸಂಜೆ ಮನೆಗೆ ಬಂದವಳೇ ಆಸ್ಟ್ರೇಲಿಯಾದ ಕೆಂಪು ವೈನಿನ ಬಾಟಲಿ ಬಿಚ್ಚಿದಳು. ಗಟ್ಟಿ ಸರಕು. ನೇರಳೆ ಹಣ್ಣಿನ ಹಾಗೆ ನಾಲಿಗೆ ಹಿಡಿದು, ಗಂಟಲಿಗೆ ಇಳಿಯುವಾಗ ಮೆಣಸಿನ ಖಾರ. ಒಂದು ಗುಟುಕಿಗೆ ಹೆಗಲು ಹಗುರಾಯಿತು, ಇನ್ನೊಂದಕ್ಕೆ ಮಗಳ ಮೇಲಿನ ಸಿಟ್ಟೂ ಇಳಿಯಿತು. ಗ್ಲಾಸನ್ನು ಮೇಜಿನ ಮೇಲಿಟ್ಟು ಕಿಟಕಿ ಮುಚ್ಚಲು ಎದ್ದಳು.

ತಿರುಗಿ ನೋಡಿದರೆ ಗ್ಲಾಸು ಬರಿದು. ಅಂಚಿನಲ್ಲಿ ತುಟಿಯ ಕಡುಗೆಂಪು ಗುರುತು, ಎಡಕ್ಕೆ ಒಂದಿಷ್ಟು ಸೊಟ್ಟ. ಎರಡು ದಿನ ಅದೇ ತುಟಿಯ ಮೇಲೆ ಕುಂಚ ಆಡಿಸಿದವಳಿಗೆ ಅದು ಯಾರದೆಂದು ಬೇರೆ ಹೇಳಬೇಕೆ?

ಬೆಳಿಗ್ಗೆ ಜೀವ ಕೈಯಲ್ಲಿ ಹಿಡಿದುಕೊಂಡೇ ಬಾಟಲಿ ಒಯ್ದಳು. ಹತ್ತಿಯನ್ನು ವೈನಿನಲ್ಲಿ ಅದ್ದಿ ಮುದುಕಿಯ ತುಟಿಗೆ ಒತ್ತಿದಳು.

ಮಗಳು ಬಂದು ನೋಡಿದಳು. "ಅಮ್ಮ" ಎಂದು ಕೆನ್ನೆ ಸವರಿ ಅತ್ತಳು. ಅತ್ತು ಸಮಾಧಾನವಾದ ಮೇಲೆ ಹೇಳಿದಳು: "ಭಾನುವಾರ ಸಂಜೆ ಥೇಟ್ ಹೀಗೇ ಇರ್ತಿದ್ಲು. ಒಂದು ಗ್ಲಾಸ್ ವೈನು, ತುಟಿ ತುಂಬ ಈ ಬಣ್ಣ. ಆದ್ರೆ ಒಬ್ಬಳೇ ಕುಡೀತಿರಲಿಲ್ಲ ಅಕ್ಕ. ಜೊತೆಗೆ ಯಾರಾದ್ರೂ ಇರಲೇಬೇಕು."

ಮುದುಕಿ ಮಣ್ಣು ಸೇರಿದಳು. ಮಗಳಿಗೆ ಅವಳ ಅಮ್ಮ ಸಿಕ್ಕಿದ್ದಳು, ಸಿಂಗಾರಕ್ಕನಿಗೆ ಅಷ್ಟು ಸಾಕಿತ್ತು.

ಮುಂದಿನ ಭಾನುವಾರ ಸಂಜೆ ಹೊಸ ಬಾಟಲಿ ಬಿಚ್ಚಿ, ಬೇಕೆಂದೇ ಒಂದೇ ಗ್ಲಾಸು ಹಿಡಿದು ಅಡುಗೆಮನೆಯಿಂದ ಬಂದಳು. ಮೇಜಿನ ಮೇಲೆ ಇನ್ನೊಂದು ಆಗಲೇ ಕಾದಿತ್ತು.

ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಮೊದಲು ಅದಕ್ಕೇ ಸುರಿದಳು.