ದಾರದ ಡಬ್ಬಿ

ಹೆಂಡತಿ ಬದುಕಿದ್ದಷ್ಟು ಕಾಲ ದರ್ಜಿಯ ಮನೆಯ ನೆಲದ ಮೇಲೆ ಒಂದೆಳೆ ದಾರವೂ ಉಳಿಯುತ್ತಿರಲಿಲ್ಲ. ಬೆಕ್ಕು ನುಂಗೀತು ಎಂದು ಹೇಳುತ್ತಲೇ ಅವಳು ತುಂಡುಗಳನ್ನೆಲ್ಲ ಆಯ್ದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಅವಳು ಸಾಕಿದ ಬೆಕ್ಕು ಹಾಲಿಗೆ ಮೂತಿಯಿಡಲಿಲ್ಲ. ಅದರ ಬಾಯಿಂದ ಕೆಂಪು ದಾರ ಇಣುಕುತ್ತಿತ್ತು. ಜೀವಮಾನವೆಲ್ಲ ದಾರ ಎಳೆದ ಕೈ ಸುಮ್ಮನಿದ್ದೀತೇ? ದರ್ಜಿ ಹಿಡಿದು ಜಗ್ಗಿದ. ಬೆಕ್ಕು ಮಗುವಿನಂತೆ ಕಿರುಚಿತು.

"ಎಳೀಬೇಡ ಕಣೋ! ಅದೇನು ಪ್ಯಾಂಟಿನ ಹೊಲಿಗೇನಾ?" ಎಂದು ಮನೆಯಲ್ಲಿದ್ದ ಅವನ ಅಕ್ಕ ಕೈ ತಡೆದಳು. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಆಸ್ಪತ್ರೆಗೆ ಓಡಿದರು.

ಪಶುವೈದ್ಯೆ ಹೊಟ್ಟೆ ಒತ್ತಿ ನೋಡಿದಳು. "ದಾರ ಎಳೆದ್ರಾ, ಯಜಮಾನ್ರೇ?"

"ಒಂದೇ ಸಲ, ತಾಯಿ."

"ಒಳಗೆ ಸಿಕ್ಕಿಕೊಂಡಿರೋ ದಾರ ಎಳೆದರೆ ಕರುಳನ್ನೇ ಕೊಯ್ಯುತ್ತೆ. ಹಾಗೇ ಬಿಟ್ಟು ಕರೆತರಬೇಕಿತ್ತು. ಆಪರೇಷನ್ ಮಾಡಿ ನೋಡ್ತೀನಿ."

ದರ್ಜಿ ಹೊರಗಿನ ಬೆಂಚಿನಲ್ಲಿ ಕೂತು ದೇವರನ್ನು ಕರೆದ. ಹೆಂಡತಿಗಾಗಿಯೂ ಹೀಗೇ ಕರೆದಿದ್ದ. ಬೆಕ್ಕೂ ಉಳಿಯಲಿಲ್ಲ.

ಸಂಜೆ ಅದನ್ನು ಹಿತ್ತಲಲ್ಲಿ ಮಣ್ಣು ಮಾಡಿ ಬಂದವನೇ ಹೊಲಿಗೆ ಯಂತ್ರದಡಿ ಮಂಡಿಯೂರಿ ದಾರದ ತುಂಡುಗಳನ್ನು ಆಯತೊಡಗಿದ.

"ಇನ್ಯಾರಿಗೋಸ್ಕರವೋ ಇದು?" ಎಂದಳು ಅಕ್ಕ.

"ಅವಳು ದಿನಾ ಹೇಳ್ತಿದ್ದಳು, ಅಕ್ಕಾ," ಎಂದು ಅವನು ಮುಚ್ಚಳ ಬಿಗಿದ.