ಟೈಲರ್ ತನಗೆ ಬರೆದುಕೊಂಡ ಅಳತೆ

ಟೈಲರ್ ಅಂಗಡಿಯ ಬಾಗಿಲ ಮೇಲೆ ಒಂದು ಹಲಗೆ ತೂಗುತ್ತಿತ್ತು: 'ಇಲ್ಲಿ ಹೊಲಿಸಿದ ಬಟ್ಟೆಯನ್ನು ಜೀವನಪೂರ್ತಿ ಉಚಿತವಾಗಿ ಸರಿಮಾಡಿಕೊಡಲಾಗುವುದು.' ಇಪ್ಪತ್ತೆರಡು ವರ್ಷದ ಹಿಂದೆ, ಹೊಸದಾಗಿ ಅಂಗಡಿಯ ಯಜಮಾನನಾದ ಹುಮ್ಮಸ್ಸಿನಲ್ಲಿ ಬರೆಸಿದ್ದು. ಹುಮ್ಮಸ್ಸು ಯಾವತ್ತೋ ಇಳಿಯಿತು, ಹಲಗೆ ಇಳಿಯಲಿಲ್ಲ. ಈ ಬೀದಿಯ ಹೊಟ್ಟೆಗಳೆಲ್ಲ ಆ ಹಲಗೆಯನ್ನು ನಂಬಿಕೊಂಡೇ ಬೆಳೆದವು ಎಂದು ಟೈಲರ್‌ನ ಹೆಂಡತಿ ಹೇಳುತ್ತಿದ್ದಳು. ಹೇಳಿ ಏನು ಬಂತು? ದಿನದ ಅರ್ಧ ಹೊತ್ತು ಹಳೆಯ ಪ್ಯಾಂಟುಗಳ ಸೊಂಟ ಬಿಚ್ಚುವುದರಲ್ಲೇ ಕಳೆಯುತ್ತಿತ್ತು. ಬಿಚ್ಚುವವಳು ಅವಳು, ಹೊಗಳಿಸಿಕೊಳ್ಳುವವನು ಅವನು.

ಆದರೆ ಹೊಗಳಿಕೆ ಸುಮ್ಮನೆ ಬಂದದ್ದಲ್ಲ. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡದೆ ಅವನು ಕತ್ತರಿ ಆಡಿಸಿದವನೇ ಅಲ್ಲ. "ಮನುಷ್ಯ ಇವತ್ತಿದ್ದ ಹಾಗೇ ನಾಳೆ ಇರ್ತಾನಾ?" ಎನ್ನುತ್ತಿದ್ದ. ಬೇರೆಯವರ ಮುಂದಿನ ಹತ್ತು ವರ್ಷದ ಚಿಂತೆಯನ್ನು ಅವನು ಮೇಜಿನ ಮೇಲೆ ಸೀಮೆಸುಣ್ಣದಲ್ಲೇ ಮಾಡಿ ಮುಗಿಸುತ್ತಿದ್ದ. ತನ್ನದನ್ನು ಮಾತ್ರ ಮಾಡಿದವನಲ್ಲ.

ಅದನ್ನು ಮಾಡಿಸಿದ್ದು ಉಳಿತಾಯ ಕಚೇರಿಯ ಮೇಡಂ. ಕೋಟು ಹಾಕಿ ನೋಡಲು ಬಂದವರು, ಅವನು ಸೂಜಿಗೆ ದಾರ ಪೋಣಿಸಲಾರದೆ ಹೆಂಡತಿಯ ಕೈಗೆ ಕೊಟ್ಟದ್ದನ್ನು ನೋಡಿದರು.

"ನಿಮಗೆಷ್ಟು ವಯಸ್ಸು?"

"ನಲವತ್ತೆಂಟು ಮೇಡಂ. ಇವಳಿಗೆ ನಲವತ್ನಾಲ್ಕು."

"ಕೈ ನಿಂತ ಮೇಲೆ ಹೇಗೆ ಅಂತ ಏನಾದ್ರೂ ಯೋಚನೆ ಮಾಡಿದ್ದೀರಾ?"

ಅವನು ನಕ್ಕ. ಮೇಡಂ ನಗಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟರು. ಗಂಡನಿಗೆ ಯಾವ ವಯಸ್ಸಿನ ತನಕ ಹಣ ಬೇಕು, ಹೆಂಡತಿಗೆ ಯಾವ ವಯಸ್ಸಿನ ತನಕ ಬೇಕು, ಅಷ್ಟು ಬರೆದುಕೊಂಡು ಬಂದರೆ ತಿಂಗಳಿಗೆ ಎಷ್ಟು ಕಟ್ಟಬೇಕೆಂದು ಹೇಳುತ್ತೇನೆ ಎಂದರು. "ಇನ್ನೂ ಹೊತ್ತು ಮೀರಿಲ್ಲ. ಆದ್ರೆ ಇನ್ನು ಕೂತ್ಕೋಬೇಡಿ." ಅವನು ಹಾಳೆಯನ್ನು ಮಡಚಿ ಅಳತೆ ಪುಸ್ತಕದೊಳಗೆ ಇಟ್ಟ. ಎರಡು ದಿನದಲ್ಲೇ ಕಚೇರಿಗೆ ಹೋಗಿಬಂದು, "ಎಲ್ಲ ಆಯ್ತು, ನೀನು ತಲೆ ಕೆಡಿಸ್ಕೋಬೇಡ" ಎಂದ. ಇಷ್ಟು ಚುರುಕು ಇವನಿಗೆ ಎಲ್ಲಿಂದ ಬಂತು ಎಂದು ಅವಳಿಗೆ ಆಶ್ಚರ್ಯವಾಯಿತು.

ಮಾರನೆಯ ಮಧ್ಯಾಹ್ನ ಅವನು ಲೈನಿಂಗ್ ಬಟ್ಟೆ ತರಲು ಹೋಗಿದ್ದ. ಯಾವುದೋ ಕೋಟಿಗೆ ಎಷ್ಟು ಗುಂಡಿ ಎಂದು ನೋಡಲು ಅವಳು ಅಳತೆ ಪುಸ್ತಕ ತೆರೆದಳು. ಕೊನೆಯ ಪುಟದಲ್ಲಿ ಅವನ ಅಕ್ಷರ: 'ನಾನು 62. ಇವಳು 88.'

ಅವಳ ಮೈಯೆಲ್ಲ ಉರಿದುಹೋಯಿತು. ಎಂಬತ್ತೆಂಟು ಇಂಚು ಸೊಂಟವಂತೆ! ಹಾಳಾಗಲಿ, ಇವನಾದರೂ ಯಾವ ಬಳುಕುವ ಬಳ್ಳಿ? ಆಮೇಲೆ ಕೆಳಗಿನ ಸಾಲು ಕಣ್ಣಿಗೆ ಬಿತ್ತು: 'ಹೀಗೆ ಬರೆದರೆ ತಿಂಗಳಿಗೆ ಹೊಂದುತ್ತದೆ.'

ಸೊಂಟವಲ್ಲ, ವಯಸ್ಸು.

ಅವಳು ಸ್ಟೂಲಿನ ಮೇಲೆ ಕೂತಳು. ಮಾವನವರು ಹೋದದ್ದು ಅರವತ್ತೆರಡಕ್ಕೆ. ಇದೇ ಅಂಗಡಿ, ಇದೇ ಮಿಷನ್ನು. ಅರ್ಧ ಹೊಲಿದ ತೋಳು ಸೂಜಿಯ ಕೆಳಗಿರುವಾಗಲೇ ತಲೆ ಬಾಗಿಸಿದ್ದರು. ಮಗ ಅಪ್ಪನ ಅಳತೆಯನ್ನೇ ತನಗೂ ಬರೆದುಕೊಂಡಿದ್ದ, ಉಳಿದದ್ದನ್ನೆಲ್ಲ ಹೆಂಡತಿಯ ಹೆಸರಿಗೆ ಹಚ್ಚಿದ್ದ. ಅವಳಿಗೆ ಮೊದಲು ಸಿಟ್ಟು ಬಂತು, ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡು ಅವನು ಬರುವ ತನಕ ಗುಂಡಿ ಹಚ್ಚಿದಳು. ಎಲ್ಲ ಸೊಟ್ಟಗಾದವು.

"ಏನ್ರೀ ಇದು?"

ಅವನು ಪುಸ್ತಕ ನೋಡಿದ. ಲೈನಿಂಗ್ ಬಟ್ಟೆಯನ್ನು ಮೇಜಿನ ಮೇಲಿಟ್ಟು ಬೇಕಿಲ್ಲದಿದ್ದರೂ ಎರಡು ಸಲ ಮಡಚಿದ.

"ಬಟ್ಟೆ ಸಾಲದಿದ್ರೆ ನಾವೇನ್ ಮಾಡ್ತೀವಿ ಹೇಳು? ಕಾಣದ ಕಡೆ ಕಮ್ಮಿ ಮಾಡ್ತೀವಿ. ಇಬ್ಬರಿಗೂ ಪೂರ್ತಿ ಬರೆದ್ರೆ ಪ್ರತಿ ತಿಂಗಳು ಕಟ್ಟೋಕಾಗಲ್ಲ ಮಾರಾಯ್ತಿ. ನಿನಗೆ ಸಾಲದೆ ಬರಬಾರದು. ನಮ್ಮಪ್ಪನೂ ಅಷ್ಟೇ ತಾನೇ ಇದ್ದದ್ದು."

"ನೀವು ನನಗೆ ಕಾಣದ ಕಡೆಯೇನ್ರೀ?"

ಅವಳು ಎದ್ದು ಗೂಟದಲ್ಲಿದ್ದ ಅವನ ಮದುವೆಯ ಕೋಟನ್ನು ತಂದು ಮೇಜಿನ ಮೇಲೆ ಮಗುಚಿ ಹಾಕಿದಳು. ಇಪ್ಪತ್ನಾಲ್ಕರ ವಯಸ್ಸಿನಲ್ಲಿ, ಕಡ್ಡಿಯಂತಿದ್ದಾಗ, ಅವನೇ ಹೊಲಿದುಕೊಂಡದ್ದು. ಅವಳು ಅದನ್ನು ಮೂರು ಸಲ ಬಿಚ್ಚಿ ಅಗಲ ಮಾಡಿದ್ದಳು. ಬೆನ್ನಿನ ಒಳಹೊಲಿಗೆಯಲ್ಲಿ ಇನ್ನೂ ಒಂದು ಬೆರಳು ಬಟ್ಟೆ ಉಳಿದಿತ್ತು.

"ಆವತ್ತು ಇಲ್ಲದ ಹೊಟ್ಟೆಗೆ ಇಷ್ಟು ಬಟ್ಟೆ ಬಿಟ್ಟಿದ್ರಿ. ಇವತ್ತು ನಿಮ್ಮನ್ನೇ ಹೊಲಿಗೆ ಅಂಚಿಗೆ ಕತ್ತರಿಸಿ ಎಸೆದ್ರಿ. ಹೊರಗೆ ಜೀವನಪೂರ್ತಿ ಅಂತ ಹಲಗೆ ಬೇರೆ. ಯಾರ ಜೀವನಾರೀ ಅದು? ನೀವು ಅರವತ್ತೆರಡಕ್ಕೆ ಕೈ ಝಾಡಿಸ್ಕೊಂಡು ಹೋಗ್ತೀರಿ, ಈ ಊರಿನ ಪ್ಯಾಂಟುಗಳನ್ನ ಎಂಬತ್ತೆಂಟರ ತನಕ ನಾನೊಬ್ಬಳೇ ಬಿಚ್ಚುತ್ತಾ ಕೂತಿರಬೇಕಾ?"

ಅವನಿಗೆ ನಗು ಬಂತು. ನಗುತ್ತಿದ್ದಂತೆಯೇ ಕಣ್ಣು ತುಂಬಿ, ಭುಜಕ್ಕೆ ನೇತುಹಾಕಿಕೊಂಡಿದ್ದ ಟೇಪಿನ ತುದಿಯಿಂದ ಒರೆಸಿಕೊಂಡ. ಅವಳು ಪೆನ್ಸಿಲ್ ತೆಗೆದು 62ನ್ನು ಹೊಡೆದುಹಾಕಿ ಪಕ್ಕದಲ್ಲಿ 92 ಎಂದು ಬರೆದಳು.

"ನನಗೆ ಎಂಬತ್ತೆಂಟಾದಾಗ ನಿಮಗೆ ಇಷ್ಟು. ಒಂದು ದಿನ ಕಮ್ಮಿಯಾದ್ರೂ ನಾನು ಒಪ್ಪಲ್ಲ."

"ಹಣ ಎಲ್ಲಿಂದ?"

ಅವಳು ಬಾಗಿಲ ಮೇಲಿನ ಹಲಗೆಯ ಕಡೆ ನೋಡಿದಳು. ಅವನೂ ನೋಡಿದ.

"ಬೇಡ ಕಣೇ. ಜನ ಏನಂತಾರೆ?"

"ಏನಾದ್ರೂ ಅಂದ್ಕೊಳ್ಳಲಿ. ಕೇಳಿಸ್ಕೊಳ್ಳೋಕೆ ನೀವಿರಿ, ಅಷ್ಟು ಸಾಕು ನನಗೆ."

ಆ ಸಂಜೆ ಹಲಗೆ ಇಳಿಯಿತು. ಮಾರನೆಯ ಬೆಳಿಗ್ಗೆ ಅವನು ಉಳಿತಾಯ ಕಚೇರಿಗೆ ಹೋಗಿ ಹಾಳೆಯನ್ನು ತಿದ್ದಿಸಿಕೊಂಡು ಬಂದ. ತಿಂಗಳಿಗೆ ಕಟ್ಟುವುದು ಹೆಚ್ಚೂಕಮ್ಮಿ ಎರಡರಷ್ಟಾಗಿತ್ತು. ಅವನು ಬಂದು ಕೂರುವುದಕ್ಕೂ ಪಕ್ಕದ ಬೀದಿಯ ಮೇಷ್ಟ್ರು ಪ್ಯಾಂಟು ಹಿಡಿದು ಬರುವುದಕ್ಕೂ ಸರಿಹೋಯಿತು. ಹತ್ತೊಂಬತ್ತು ವರ್ಷದ ಪ್ಯಾಂಟು ಅದು, ಅವಳಿಗೆ ಅದರ ಒಂದೊಂದು ಹೊಲಿಗೆಯೂ ಗೊತ್ತು.

"ಮತ್ತೆ ಬಿಗಿಯಾಗಿದೆ ನೋಡಯ್ಯಾ."

ಟೈಲರ್ ಪ್ಯಾಂಟನ್ನು ತಿರುಗಿಸಿ ನೋಡಿದ, ಗಂಟಲು ಸರಿಮಾಡಿಕೊಂಡ, ಮತ್ತೆ ತಿರುಗಿಸಿ ನೋಡಿದ. ಹಿಂದೆ ಕೂತಿದ್ದ ಅವಳ ಕೈಯಲ್ಲಿ ಸೂಜಿ ನಿಂತಿತ್ತು. ಈ ಪುಣ್ಯಾತ್ಮ ಇನ್ನೂ ಬಾಯಿ ಬಿಡುವುದಿಲ್ಲವಲ್ಲ ಎಂದು ಅವಳ ಜೀವ ಬಾಯಿಗೆ ಬಂದಿತ್ತು. ಕೊನೆಗೂ ಅವನು ನೆಲ ನೋಡುತ್ತಾ ಕೂಲಿ ಇಷ್ಟಾಗುತ್ತದೆ ಎಂದ.

"ಇಷ್ಟು ವರ್ಷ ಇಲ್ಲದ್ದು ಈಗೇನಯ್ಯಾ?"

"ತೊಂಬತ್ತೆರಡರ ತನಕ ಬದುಕಬೇಕಾಗಿದೆ ಮೇಷ್ಟ್ರೇ. ಇವಳು ಬರೆದಿಟ್ಟಿದ್ದಾಳೆ."

ಮೇಷ್ಟ್ರು ಅವನನ್ನು ನೋಡಿದರು, ಹಲಗೆಯಿಲ್ಲದ ಬಾಗಿಲನ್ನು ನೋಡಿದರು, ಜೇಬಿಗೆ ಕೈ ಹಾಕಿದರು.

"ಹಾಗಾದ್ರೆ ಪೂರ್ತಿ ಬಿಚ್ಚಬೇಡ, ಒಳಗೆ ಒಂಚೂರು ಉಳಿಸು. ನಾನೂ ಇರ್ತೀನಲ್ಲ."

ಅವಳು ತಲೆ ತಗ್ಗಿಸಿ ಗುಂಡಿಯ ಕಾಜಾ ಹೊಲಿಯತೊಡಗಿದಳು. ದಾರ ಮಸುಕುಮಸುಕಾಗಿ ಕಾಣುತ್ತಿತ್ತು. ಆದರೂ ಆವತ್ತು ಅವಳು ಹೊಲಿದ ಕಾಜಾ ಒಂದೂ ಸೊಟ್ಟಗಾಗಲಿಲ್ಲ.