ಹೇಳಿ ಬರೆಸಿದ್ದು

ಅಶ್ವಿತಾ ಚಾಚಿದ ಕೈಯನ್ನು ಒಮ್ಮೆ ಒತ್ತಿ ಬಿಟ್ಟು, ಸಿಡ್ನಿಯಿಂದ ಬಂದ ನವ್ಯಾ ಸೀದಾ ಹೋಗಿ ನಿವೇದಿತಾಳನ್ನು ತಬ್ಬಿಕೊಂಡು ಅತ್ತಳು.

"ಜಯವಂತಿ ಆಂಟಿಯ ಕಾಗದ ಬಂತು ಅಂದ್ರೆ ಸಿಡ್ನಿಯ ರೌಸ್ ಹಿಲ್‌ನಲ್ಲಿ ಎಲ್ರೂ ನಮ್ಮನೇಲಿ ಸೇರ್ತಿದ್ವಿ. ನೀನು ಬರೀದೇ ಇದ್ದಿದ್ರೆ ನಮಗೆ ಆಂಟಿ ಎಲ್ಲಿ ಸಿಗ್ತಿದ್ರು?"

ಪಾಯಿಂಟ್ ಕುಕ್‌ನ ಆ ಚಿಕ್ಕ ಚರ್ಚಿನಲ್ಲಿ, ಶವಪೆಟ್ಟಿಗೆಯ ಪಕ್ಕ ನಿಂತಿದ್ದ ಅಶ್ವಿತಾ ಖಾಲಿ ಕೈಯನ್ನು ಹಿಂದಕ್ಕೆಳೆದುಕೊಂಡಳು. ಸತ್ತವಳು ತನ್ನ ಅಮ್ಮ. ಸಮಾಧಾನ ಬೇರೆಯವಳಿಗೆ.

*

ಪಾಯಿಂಟ್ ಕುಕ್ ಬಿಟ್ಟು ಸಿಡ್ನಿಗೆ ಹೋದ ತಮ್ಮ ಪ್ರಾರ್ಥನಾ ಕೂಟದವರಿಗೆ ಜಯವಂತಿ ತಪ್ಪದೆ ಕಾಗದ ಬರೆಯುತ್ತಿದ್ದರು. ಕಣ್ಣು ಮಂಜಾದ ಮೇಲೆ ಹೇಳಿ ಬರೆಸತೊಡಗಿದರು. ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ, ಅದೇ ಕೂಟದ ನಿವೇದಿತಾ ಶನಿವಾರ ಬಂದು ಬರೆದುಕೊಡುತ್ತಿದ್ದಳು.

"ನಾನೇ ಟೈಪ್ ಮಾಡ್ತೀನಮ್ಮ, ಇಂಗ್ಲಿಷಲ್ಲಿ," ಎಂದಿದ್ದಳು ಅಶ್ವಿತಾ. ಉಡುಪಿಯಿಂದ ಕೂಸಾಗಿ ಬಂದ ಅವಳಿಗೆ ಕನ್ನಡ ನಾಲಿಗೆಯಲ್ಲಿತ್ತು, ಕೈಯಲ್ಲಿರಲಿಲ್ಲ; ಅಕ್ಷರ ಓದಲೂ ಬರುತ್ತಿರಲಿಲ್ಲ.

"ಇಂಗ್ಲಿಷಲ್ಲಿ ನನಗೆ ದೇವರ ಮಾತು ಬರುವುದಿಲ್ಲ ಮಗಾ," ಎಂದು ಅಮ್ಮ ನಕ್ಕಿದ್ದರು. "ಬೈಬಲಿನ ಪೌಲ ಸಹ ತನ್ನ ಕಾಗದ ಬಾಯಲ್ಲಿ ಹೇಳಿದ್ದು. ಬರೆದವನು ತೆರ್ತ್ಯ. ಅದರಲ್ಲಿ ನಾಚಿಕೆ ಎಂಥದ್ದು?"

ಒಂದು ಶನಿವಾರ ಚಹಾ ಹಿಡಿದು ಹೋದ ಅಶ್ವಿತಾ ಬಾಗಿಲ ಹೊರಗೇ ನಿಂತಳು.

"ಗಂಡ ತೀರಿದ ವರ್ಷ ನಾನು ಪ್ರಾರ್ಥನೆಯನ್ನೇ ಬಿಟ್ಟಿದ್ದೆ, ಬರೆ," ಎನ್ನುತ್ತಿದ್ದರು ಅಮ್ಮ. "ಬರಿದೇ ಕಣ್ಣು ಮುಚ್ಚಿ ಕೂರುತ್ತಿದ್ದೆ."

ಆ ವರ್ಷವಿಡೀ ಅಮ್ಮನ ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತವಳು ಅಶ್ವಿತಾ. ಅವಳಿಗಿದು ಗೊತ್ತಿರಲಿಲ್ಲ. ಚಹಾವನ್ನು ಸಿಂಕಿಗೆ ಸುರಿದಳು.

*

ಕಲ್ಲು ಸಿದ್ಧವಾಗುವ ತನಕ ಸಮಾಧಿಯ ಮೇಲೆ ನೆಡಲು ಮರದ ಶಿಲುಬೆ ತಂದಿದ್ದರು.

"ಹೆಸರು ಕನ್ನಡದಲ್ಲಿ ಬರೀಬೇಕಲ್ಲ," ಎಂದರು ಪಾದ್ರಿಗಳು. ಎಲ್ಲರೂ ನಿವೇದಿತಾಳತ್ತ ತಿರುಗಿದರು. ಅವಳು ಮಾರ್ಕರ್ ತೆಗೆದುಕೊಂಡು ಒದ್ದೆ ಮಣ್ಣಿನಲ್ಲಿ ಮೊಣಕಾಲೂರಿದಳು.

"ಇರಿ," ಎಂದಳು ಅಶ್ವಿತಾ. ಸ್ವರ ಗಡಸಾಗಿತ್ತು. "ನಾನು ಹೇಳ್ತೀನಿ. ನೀವು ಬರೀರಿ."

ನಿವೇದಿತಾ ತಲೆಯೆತ್ತಿ ನೋಡಿದಳು. "ಹೇಳಿ."

"ಜಯವಂತಿ."

ಬರೆದಳು.

"ಅಶ್ವಿತಾಳ ಅಮ್ಮ."

ಮಾರ್ಕರ್ ಒಂದು ಗಳಿಗೆ ನಿಂತಿತು, ಮತ್ತೆ ಓಡಿತು.

"ಇನ್ನೇನಾದ್ರೂ?"

"ಅಷ್ಟೇ." ಅಶ್ವಿತಾ ಬಗ್ಗಿದಳು. "ನನ್ನ ಹೆಸರು ಎಲ್ಲಿಂದ ಶುರು?"

ನಿವೇದಿತಾ ಅವಳ ಬೆರಳು ಹಿಡಿದು 'ಅ'ದ ಮೇಲಿಟ್ಟಳು. ಅಶ್ವಿತಾ ಕೈ ಬಿಡಿಸಿಕೊಂಡಳು. ಉಳಿದ ಅಕ್ಷರಗಳನ್ನು ಒಬ್ಬಳೇ ಸವರುತ್ತ ಹೋದಳು. ಒಣಗದ ಶಾಯಿ ಅವಳ ಬೆರಳಿಗೆಲ್ಲ ಹತ್ತಿಕೊಂಡಿತು.